ಎಲ್ಲ ಬೀಜವೂ ಮೊದಲ ಮಳೆಗಲ್ಲ

ಕುಮಟಾ ತಾಲ್ಲೂಕಿನ ನಮ್ಮ ಮೂಲಮನೆಯ ಹಿಂದಿನ ದಿನ್ನೆ ಹತ್ತಿದರೆ ಬೇಣ ಸಿಗುತ್ತದೆ. ಮರವಿಲ್ಲದ, ಉದ್ದಕ್ಕೂ ಹಾಸಿಕೊಂಡಿರುವ ಚಿರೇಕಲ್ಲಿನ ನೆಲ. ಅಲ್ಲಲ್ಲಿ ಕವಳಿ ಮಟ್ಟಿ, ಕಲ್ಲಿನ ಸಂದಿಯಲ್ಲಿ ಒಣಗಿದ ಕರಡ ಹುಲ್ಲು. ಏಪ್ರಿಲ್‌ನಲ್ಲಿ ಚಪ್ಪಲಿ ಇಲ್ಲದೆ ಅಲ್ಲಿ ಹತ್ತು ಹೆಜ್ಜೆ ಇಡಲಾಗದು. ಪಹಣಿಯಲ್ಲಿ ಈ ಜಾಗಕ್ಕೆ ಬರೆದಿರುವುದು ಒಂದೇ ಶಬ್ದ: ಖರಾಬು.

ಆ ಶಬ್ದದ ಬಗ್ಗೆ ನನಗೆ ಮೊದಲು ತಕರಾರು ಇರಲಿಲ್ಲ. ಬೆಳೆ ಬರದ ನೆಲಕ್ಕೆ ಇನ್ನೇನು ಬರೆಯುತ್ತಾರೆ? ತಕರಾರು ಶುರುವಾಗಿದ್ದು ಒಂದು ಚೊಂಬು ಮಣ್ಣಿನಿಂದ.

ಚಿರೇಕಲ್ಲಿನ ಹಾಸು ದೂರದಿಂದ ಸಪಾಟಾಗಿ ಕಾಣುತ್ತದೆ. ನಡೆದು ನೋಡಿದರೆ ಉದ್ದಕ್ಕೂ ತಗ್ಗುಗಳು. ಕೆಲವು ಊಟದ ಬಟ್ಟಲಿನಷ್ಟು, ಕೆಲವು ಅಂಗಳದಷ್ಟು. ಆಳ ಪಾದ ಮುಳುಗುವಷ್ಟು, ಹೆಚ್ಚೆಂದರೆ ಮೊಣಕಾಲಿನವರೆಗೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಗ ಈ ತಗ್ಗುಗಳೆಲ್ಲ ತುಂಬಿ ತುಳುಕುತ್ತವೆ. ದೀಪಾವಳಿಯ ಹೊತ್ತಿಗೆ ಒಂದೊಂದಾಗಿ ಆರುತ್ತವೆ.

ಈ ಕಲ್ಲಿನದೇ ಒಂದು ಸಣ್ಣ ಕತೆ ಇದೆ. 1801ರ ಸುಮಾರಿಗೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಲಬಾರಿನಿಂದ ಹೊರಟು ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲೆ ದಾಟಿ, ಘಟ್ಟ ಹತ್ತಿ ಸೋಂದೆಯ ಕಡೆ ಹೋದ. ನೆಲದಡಿ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನಲ್ಲಿ ನೋಡಿ ಬೆರಗಾಗಿದ್ದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಅದಕ್ಕೆ ‘ಲ್ಯಾಟರೈಟ್’ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಈ ಕಲ್ಲಿಗೆ ನಮ್ಮಲ್ಲಿರುವ ಇನ್ನೊಂದು ಹೆಸರು ಜಂಬಿಟ್ಟಿಗೆ, ಅದರಲ್ಲೂ ಇಟ್ಟಿಗೆ ಇದೆ ಅಲ್ವಾ! ಈ ಕಲ್ಲು ನೋಡಿದವರಿಗೆ ಇಟ್ಟಿಗೆಯೇ ನೆನಪಾಗುತ್ತದೆ ಅಂತ ಕಾಣುತ್ತದೆ.

ಇರಲಿ, ಮಣ್ಣಿನ ಮಾತಿಗೆ ಬರುತ್ತೇನೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ಆರಿದ ಹೊಂಡದ ತಳ ನೋಡುತ್ತಾ ಕೂತಿದ್ದೆ. ಮಣ್ಣಿನ ತೆಳು ಪದರ ಒಡೆದು, ಅಂಚು ಮೇಲಕ್ಕೆ ಸುರುಳಿಕೊಂಡು, ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಎದ್ದಿತ್ತು. ಅಂಥ ಮಣ್ಣಿನಲ್ಲಿ ಏಡಿ, ಸಿಗಡಿಗಳ ಕುಲಕ್ಕೆ ಸೇರಿದ ಪುಟ್ಟ ಜೀವಿಗಳ ಮೊಟ್ಟೆ ಇರುತ್ತವೆ ಅಂತ ಓದಿದ್ದೆ. ಓದಿದ್ದು ಬೇರೆ, ನಂಬುವುದು ಬೇರೆ. ಚಮಚದಲ್ಲಿ ಕೆರೆದು ಒಂದು ಚೊಂಬಿನಷ್ಟು ತಂದೆ. ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದು ಕಪಾಟಿನಲ್ಲಿಟ್ಟೆ.

ಮೇ ಕೊನೆಗೆ ರೋಹಿಣಿ ಮಳೆ ಬಂತು. ಸಂಜೆ ಗುಡುಗು, ರಾತ್ರಿಯೆಲ್ಲ ಮಳೆ. ಹಂಚಿನ ನೀರು ಬೀಳದ ಹಾಗೆ ನಡು ಅಂಗಳದಲ್ಲಿ ಒಂದು ಬಿಳಿ ಬೋಗುಣಿ ಇಟ್ಟು, ಅದರಲ್ಲಿ ಎರಡು ಮುಷ್ಟಿ ಮಣ್ಣು ಹರಡಿದ್ದೆ. ಬೆಳಿಗ್ಗೆ ಒಂದು ಗೆಣ್ಣಿನಷ್ಟು ನೀರು ನಿಂತಿತ್ತು. ಆ ದಿನ ಏನೂ ಇಲ್ಲ. ಮಾರನೇ ದಿನ ಬೆಳಿಗ್ಗೆ ಅಕ್ಕನ ಮಗಳು ಹಲ್ಲುಜ್ಜುತ್ತಾ ಅಂಗಳಕ್ಕೆ ಹೋದವಳು ಅಲ್ಲಿಂದಲೇ ಕೂಗಿದಳು.

“ಮಾವ, ನೀರಲ್ಲಿ ಎಂತದೋ ಓಡಾಡ್ತಾ ಇದ್ದು!”

ಬರಿಗಣ್ಣಿಗೆ ಅದು ಚುಕ್ಕಿ, ಅಷ್ಟೇ. ಪೆನ್ನಿನ ತುದಿ ತಾಗಿಸಿದಷ್ಟು. ಆದರೆ ಚುಕ್ಕಿ ಕುಪ್ಪಳಿಸುತ್ತಿತ್ತು. ಭೂತಗನ್ನಡಿ ಹಿಡಿದರೆ ಒಂದೇ ಒಂದು ಕಣ್ಣು, ಈಜುವ ಮೂರು ಜೊತೆ ಪುಟ್ಟ ಕೈಗಳು. ಇದನ್ನು ನಾಪ್ಲಿಯಸ್ ಅನ್ನುತ್ತಾರೆ. ನಾವು ತಿನ್ನುವ ಶೆಟ್ಲಿಯ, ಅಂದರೆ ಸಿಗಡಿಯ, ಎಷ್ಟೋ ಬಂಧುಗಳು ಬಾಳು ಶುರುಮಾಡುವುದು ಈ ಒಂಟಿಗಣ್ಣಿನ ರೂಪದಲ್ಲೇ. ಐದು ತಿಂಗಳು ಕಾದ ಕಲ್ಲಿನ ಮೇಲೆ ಒಣಗಿದ್ದ ಮಣ್ಣು ಅದು. ಒಂದೂವರೆ ದಿನದಲ್ಲಿ ಅದಕ್ಕೆ ಕಣ್ಣು ಬಂದಿತ್ತು. ನಾವಿಬ್ಬರೂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಎಷ್ಟು ಹೊತ್ತು ನೋಡಿದೆವೋ. ಒಳಗಿನಿಂದ ಆಯಿ ಮೂರು ಸಲ ದೋಸೆಗೆ ಕರೆದಳು.

ಮರುದಿನ ಶಿರಸಿಯಲ್ಲಿ ನೆಂಟರ ಮದುವೆ. ಮನೆ ಮಂದಿಯೆಲ್ಲ ಹೊರಟೆವು. ಬೋಗುಣಿಯನ್ನು ನೆರಳಿಗೆ ಸರಿಸಬೇಕಿತ್ತು. ಗಡಿಬಿಡಿಯಲ್ಲಿ ಮರೆತೆ. ರೋಹಿಣಿ ಮಳೆ ಮತ್ತೆ ಬರಲೂ ಇಲ್ಲ. ಐದು ದಿನ ಬಿಟ್ಟು ಬಂದು ನೋಡಿದರೆ ಬೋಗುಣಿಯ ತಳದಲ್ಲಿ ಮತ್ತೆ ಅದೇ ಹಪ್ಪಳ. ಅವು ದೊಡ್ಡವಾಗಿ ಮೊಟ್ಟೆ ಇಡುವಷ್ಟು ದಿನ ಕಳೆದಿರಲಿಲ್ಲ. ಹುಟ್ಟಿದ್ದೆಲ್ಲ ಸತ್ತಿತ್ತು. ಹುಡುಗಿ ಏನೂ ಹೇಳಲಿಲ್ಲ, ಬೋಗುಣಿ ನೋಡಿ ಸುಮ್ನೆ ಒಳಗೆ ಹೋದಳು. ಅವತ್ತು ನನಗೆ ಊಟ ಸೇರಲಿಲ್ಲ. ಚುಕ್ಕಿಯಷ್ಟು ಜೀವಕ್ಕೆ ಇಷ್ಟು ಸಂಕಟವೇ ಅಂತ ಯಾರಾದರೂ ಕೇಳಬಹುದು. ಅದರ ಕಣ್ಣು ನೋಡಿದ್ದೆನಲ್ಲ.

ಬೋಗುಣಿ ತೊಳೆಯಲು ಮನಸ್ಸು ಬರಲಿಲ್ಲ, ಅಲ್ಲೇ ಬಿಟ್ಟಿದ್ದೆ. ಮೃಗಶಿರ ಮಳೆ ಹಿಡಿಯಿತು. ಬೋಗುಣಿ ತಾನಾಗಿಯೇ ತುಂಬಿತು. ಮೂರನೇ ದಿನ ನೋಡಿದರೆ ಮತ್ತೆ ಚುಕ್ಕಿಗಳು! ಹೊಸ ಮಣ್ಣು ಹಾಕಿರಲಿಲ್ಲ. ಅದೇ ಎರಡು ಮುಷ್ಟಿ. ಮೊದಲ ಸಲ ನೆನೆದಾಗ ಒಂದಷ್ಟು ಮೊಟ್ಟೆ ಏಳದೆ ಹಾಗೇ ಮಲಗಿದ್ದವು. ಅವಕ್ಕೂ ಅದೇ ನೀರು, ಅದೇ ಬೆಳಕು ಸಿಕ್ಕಿತ್ತು. ಆದರೂ ಎದ್ದಿರಲಿಲ್ಲ.

ಆಗ ನನಗೆ ನೆನಪಾಗಿದ್ದು ಅಜ್ಜಿ. ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಕೊಟ್ಟಿಗೆಯ ಗೋಡೆಗೆ ತಟ್ಟಿ ಇಡುತ್ತಿದ್ದಳು. ಹುಳ ಹಿಡಿಯುವುದಿಲ್ಲ, ಇಲಿ ಮುಟ್ಟುವುದಿಲ್ಲ. ಮಳೆಗಾಲದ ಸೌತೆ, ಹೀರೆ ಹಾಕುವ ದಿನ ಗೋಡೆಯಿಂದ ಬೆರಣಿಯ ಅರ್ಧ ಮಾತ್ರ ಒಡೆದುಕೊಳ್ಳುತ್ತಿದ್ದಳು. ಒಂದು ಸಲ ನಾನು ಪೂರ್ತಿ ಕೀಳಲು ಹೋದಾಗ ಕೈ ಹಿಡಿದಳು. “ಎಲ್ಲಾ ಬೀಜ ಒಂದೇ ಸಲ ಹಾಕಡ ತಮಾ. ರೋಹಿಣಿ ಮಳೆ ನಂಬಲಾಗ.”

ಅಜ್ಜಿ ಹೇಳಿದ್ದನ್ನೇ 1966ರಲ್ಲಿ ಡ್ಯಾನ್ ಕೋಹೆನ್ ಎಂಬ ವಿಜ್ಞಾನಿ ಗಣಿತದಲ್ಲಿ ಬರೆದ. ಅವನು ಲೆಕ್ಕ ಹಾಕಿದ್ದು ಒಂದೇ ವರ್ಷ ಬಾಳುವ ಗಿಡಗಳ ಬೀಜಕ್ಕೆ. ಬೀಜವೆಲ್ಲ ಒಂದೇ ಮಳೆಗೆ ಮೊಳೆತರೆ ಒಳ್ಳೆಯ ವರ್ಷದಲ್ಲಿ ಲಾಭ ದೊಡ್ಡದು, ನಿಜ. ಆದರೆ ಒಂದೇ ಒಂದು ಕೆಟ್ಟ ವರ್ಷ ಬಂದರೆ ವಂಶವೇ ಸೊನ್ನೆ. ಹಿಂದೆ ಎಷ್ಟು ಒಳ್ಳೆಯ ವರ್ಷ ಬಂದಿದ್ದರೂ ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ. ಹಾಗಾಗಿ ಮಳೆಯ ನಂಬಿಕೆ ಕಡಿಮೆ ಇದ್ದಷ್ಟೂ ಪ್ರತಿ ಸಲ ಮೊಳೆಯುವ ಪಾಲು ಕಡಿಮೆ ಇರಬೇಕು. ತಾತ್ಕಾಲಿಕ ಹೊಂಡಗಳ ಜೀವಿಗಳಲ್ಲಿ ಇದು ಹಾಗೆಯೇ ನಡೆಯುತ್ತದೆ ಅಂತ ಆಮೇಲಿನ ಸಂಶೋಧನೆಗಳು ತೋರಿಸಿವೆ. ಒಂದೇ ತಾಯಿಯ ಮೊಟ್ಟೆಗಳಲ್ಲಿ ಕೆಲವು ಮೊದಲ ಮಳೆಗೆ, ಕೆಲವು ಎರಡನೆಯದಕ್ಕೆ, ಇನ್ನು ಕೆಲವು ಎಷ್ಟೋ ಮಳೆಗಾಲ ಬಿಟ್ಟು. ಹೊಂಡದ ತಳದಲ್ಲಿ ಹೀಗೆ ಹಲವು ವರ್ಷಗಳ ಉಳಿತಾಯ ಒಟ್ಟಿಗೆ ಬಿದ್ದಿರುತ್ತದೆ.

ಮೊಟ್ಟೆ ಅಂತ ಅನ್ನುತ್ತಿದ್ದೇನೆ. ನಿಜಕ್ಕೆ ಒಳಗೆ ಮರಿಯಾಗುವ ಕೆಲಸ ಆಗಲೇ ಶುರುವಾಗಿ, ಸಾವಿರಾರು ಜೀವಕೋಶಗಳಾದ ಮೇಲೆ ಅಲ್ಲಿಗೇ ನಿಂತಿರುತ್ತದೆ. ಸುತ್ತ ಗಟ್ಟಿ ಚಿಪ್ಪು. ಗಾತ್ರ ಒಂದು ಮಿಲಿಮೀಟರಿನ ಐದರಲ್ಲೊಂದು ಭಾಗದ ಆಸುಪಾಸು. ಹೊಂಡ ಆರಿದಂತೆ ಇದರೊಳಗಿನ ನೀರೂ ಹೋಗುತ್ತದೆ. ಸಾಮಾನ್ಯವಾಗಿ ಜೀವಕೋಶದ ನೀರು ಹೋದರೆ ಎಲ್ಲ ಕುಸಿದು ಅಂಟಿಕೊಂಡು ಹಾಳಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಕಾರಣ ಒಂದು ಸಕ್ಕರೆ. ಅದರ ಹೆಸರು ಟ್ರೆಹಲೋಸ್.

ಶಿರಸಿ, ಸಿದ್ದಾಪುರದ ಕಡೆ ಆಲೆಮನೆ ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಕಬ್ಬಿನ ಹಾಲು ಕುದಿದು ನೀರು ಆರುತ್ತಾ ಬಂದಂತೆ ಪಾಕ ಗಟ್ಟಿಯಾಗುತ್ತದೆ. ಸರಿಯಾದ ಹದ ಬಂದ ಪಾಕ ತಣಿದರೆ ಗಾಜಿನ ಹಾಗೆ ನಿಲ್ಲುತ್ತದೆ. ಶೇಂಗಾ ಚಿಕ್ಕಿಯಲ್ಲಿ ಶೇಂಗಾ ಅಲ್ಲಾಡದೆ ಕೂತಿರುತ್ತದಲ್ಲ, ಹಾಗೆಯೇ ಜೀವಕೋಶದ ಒಳಗಿನ ಸಾಮಾನುಗಳೆಲ್ಲ ಈ ಸಕ್ಕರೆಯ ಗಾಜಿನಲ್ಲಿ ಇದ್ದಲ್ಲೇ ನಿಲ್ಲುತ್ತವೆ. ಪ್ರೋಟೀನುಗಳ ಆಕಾರ ಕೆಡದ ಹಾಗೆ ನೋಡಿಕೊಳ್ಳಲು ಬೇರೆ ಕಾವಲು ಪ್ರೋಟೀನುಗಳೂ ಇವೆ. ಮಳೆ ಬಿದ್ದಾಗ ಪಾಕ ಕರಗುತ್ತದೆ. ಆ ಸಕ್ಕರೆಯೇ ಏಳುವ ಮರಿಗೆ ಮೊದಲ ಆಹಾರ.

ಇದನ್ನೆಲ್ಲ ಹೆಚ್ಚಾಗಿ ತಿಳಿದಿದ್ದು ಇವುಗಳ ಉಪ್ಪುನೀರಿನ ಸಂಬಂಧಿ ಆರ್ಟೀಮಿಯಾದಿಂದ. ಅದರ ಒಣ ಮೊಟ್ಟೆ ಡಬ್ಬಿಗಳಲ್ಲಿ ಮಾರಾಟವಾಗುತ್ತದೆ. ಸಿಗಡಿ ಮರಿ ಸಾಕುವವರು ನೀರಿಗೆ ಹಾಕಿ ಒಡೆಸಿ ಮರಿಗಳಿಗೆ ಉಣಿಸುತ್ತಾರೆ. 1972ರಲ್ಲಿ ಅಪೋಲೋ 16 ನೌಕೆಯಲ್ಲಿ ಇವು ಚಂದ್ರನವರೆಗೂ ಹೋಗಿ ಬಂದಿವೆ. 1968ರಲ್ಲಿ ಅಚ್ಚಾದ ಇನ್ನೊಂದು ವರದಿ ಸುಡಾನ್ ದೇಶದ ಟ್ರಯೋಪ್ಸ್ ಎಂಬ ಜೀವಿಯದು. ಅದರ ಒಣ ಮೊಟ್ಟೆಗಳು ನೀರು ಕುದಿಯುವಷ್ಟರ ಸಮೀಪದ ಬಿಸಿಯನ್ನೂ ಗಂಟೆಗಟ್ಟಲೆ ತಡೆದುಕೊಂಡವು. ನಮ್ಮ ಬೇಣದ ಏಪ್ರಿಲ್ ಬಿಸಿಲು ಅದರ ಮುಂದೆ ಏನೂ ಅಲ್ಲ.

ಎಷ್ಟು ವರ್ಷ ಹೀಗೆ ಇರಬಲ್ಲವು? ಅಮೆರಿಕದ ಕೆರೆಯೊಂದರ ತಳದ ಕೆಸರಿನಿಂದ ತೆಗೆದ, ಕೋಪೆಪಾಡ್ ಎಂಬ ಇದೇ ಕುಲದ ಪುಟ್ಟ ಜೀವಿಯ ಮೊಟ್ಟೆಗಳು 300 ವರ್ಷ ದಾಟಿದ ಮೇಲೂ ಒಡೆದು ಮರಿಯಾದವು ಅಂತ 1995ರಲ್ಲಿ ಪ್ರಕಟವಾಯಿತು. ಇಲ್ಲಿ ಸೋಂದೆ ಅರಸರು ಆಳುತ್ತಿದ್ದ ಕಾಲದಲ್ಲಿ ಇಟ್ಟ ಮೊಟ್ಟೆಗಳವು. ಅದು ನೀರಿನಡಿಯ ಕೆಸರಿನ ಮಾತು, ಒಣ ಹೊಂಡದ್ದಲ್ಲ. ಆದರೂ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಎರಡನೇ ಸಲ ನಾನು ಬೋಗುಣಿಯನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮೊದಲು ಕಂಡಿದ್ದು ನೀರು ಚಿಗಟಗಳು, ಜರ್ಕು ಹೊಡೆಯುತ್ತಾ ಮೇಲೆ ಕೆಳಗೆ ಹೋಗುವಂಥವು. ಆಮೇಲೆ ತಳದಲ್ಲಿ ಉರುಳಾಡುವ ಆಸ್ಟ್ರಕಾಡ್‌ಗಳು, ರಾಗಿ ಕಾಳಿಗಿಂತ ಸಣ್ಣವು. ನಾಲ್ಕು-ಐದು ದಿನಕ್ಕೆ ಎಳ್ಳಿನಷ್ಟು ದೊಡ್ಡದೊಂದು ಕಣ್ಣಿಗೆ ಬಿತ್ತು. ಅಘನಾಶಿನಿ ಹೊಳೆಯಲ್ಲಿ ಎರಡು ಚಿಪ್ಪಿನ ಬಳಚು ಆರಿಸುವುದನ್ನು ನೀವು ನೋಡಿರಬೇಕು. ಆ ಬಳಚನ್ನು ಎಳ್ಳಿನಷ್ಟು ಮಾಡಿ, ಚಿಪ್ಪನ್ನು ಗಾಜಿನಷ್ಟು ತೆಳುವಾಗಿಸಿ, ಒಳಗೊಂದು ಪುಟ್ಟ ಸಿಗಡಿ ಕೂರಿಸಿದರೆ ಹೇಗೆ? ಅದು ಹಾಗಿತ್ತು. ಕ್ಲ್ಯಾಮ್ ಶ್ರಿಂಪ್, ನಾನು ಚಿಪ್ಪು ಸಿಗಡಿ ಅನ್ನುತ್ತೇನೆ. ಎರಡು ಚಿಪ್ಪಿನ ನಡುವೆ ಕಾಲುಗಳ ಸಾಲು ಒಂದು ಕ್ಷಣವೂ ನಿಲ್ಲದೆ ಅಲೆಯಾಡುತ್ತಿತ್ತು. ಆ ಕಾಲುಗಳಲ್ಲೇ ಈಜು, ಅವುಗಳಲ್ಲೇ ಉಸಿರು, ಅವುಗಳಲ್ಲೇ ಊಟ ಸೋಸುವುದು. ಒಂಬತ್ತನೇ ದಿನ ಬೆನ್ನಿನ ಕಡೆ, ಚಿಪ್ಪಿನೊಳಗೆ, ಹಳದಿ ಬಣ್ಣದ ಪುಟ್ಟ ರಾಶಿ ಕಂಡಿತು. ಮೊಟ್ಟೆ. ಹುಟ್ಟಿದ ಎರಡನೇ ವಾರದ ಒಳಗೇ ಮುಂದಿನ ಬೇಸಿಗೆಯ ತಯಾರಿ ಆಗಿಹೋಗಿತ್ತು.

ಚಿಪ್ಪು ಸಿಗಡಿಗಳಲ್ಲಿ ಯೂಲಿಮ್ನೇಡಿಯಾ ಎಂಬ ಗುಂಪಿದೆ. ಅದರ ಎಷ್ಟೋ ಜಾತಿಗಳಲ್ಲಿ ಶುದ್ಧ ಹೆಣ್ಣು ಅಂತಲೇ ಇಲ್ಲ. ಒಂದಷ್ಟು ಗಂಡು, ಉಳಿದವು ಹೆಣ್ಣು-ಗಂಡು ಎರಡೂ ಆಗಿರುವಂಥವು. ಹೊಂಡದಲ್ಲಿ ಎರಡೂ ಆಗಿರುವಂಥದ್ದು ಒಂದೇ ಒಂದು ಹುಟ್ಟಿದರೂ ಸಂತಾನ ನಿಲ್ಲುವುದಿಲ್ಲ. ಜಾತಿ ಗುರುತಿಸಲು ಇವುಗಳ ಮೊಟ್ಟೆಯ ಮೇಲಿನ ಕೆತ್ತನೆಯನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ನೀರು ಚಿಗಟಗಳ ದಾರಿ ಬೇರೆ. ನೀರು, ಊಟ ಚೆನ್ನಾಗಿರುವಷ್ಟು ದಿನ ಹೆಣ್ಣುಗಳೇ ಗಂಡಿನ ಹಂಗಿಲ್ಲದೆ ಮರಿ ಹಾಕುತ್ತಾ ಹೋಗುತ್ತವೆ. ಜಾಗ ಇಕ್ಕಟ್ಟಾಗಿ ಊಟ ಕಡಿಮೆಯಾದಾಗ ಗಂಡುಗಳು ಹುಟ್ಟುತ್ತವೆ. ಆಗ ಕೂಡಿ ಇಡುವ ಮೊಟ್ಟೆಗೆ ಮಾತ್ರ ಗಟ್ಟಿ ಹೊದಿಕೆ. ಕೋಪೆಪಾಡ್‌ಗಳಲ್ಲಿ ಕೆಲವು ಅರ್ಧ ಬೆಳೆದ ಮರಿಯಾಗಿಯೇ ಕೆಸರಿನೊಳಗೆ ನಿದ್ದೆ ಹೋಗುತ್ತವೆ. ಇನ್ನು ಗದ್ದೆಯ ಏಡಿಯದು ನೇರ ದಾರಿ, ತೇವ ಸಿಗುವವರೆಗೆ ಬಿಲ ತೋಡುವುದು.

ನೀರು ಆರುವುದು ಈ ಜೀವಿಗಳಿಗೆ ಶಾಪ ಅಂತ ನಾನು ಅಂದುಕೊಂಡಿದ್ದೆ. ಹಾಗಿದ್ದರೆ ವರ್ಷವಿಡೀ ನೀರಿರುವ ಕೆರೆಯಲ್ಲಿ ಚಿಪ್ಪು ಸಿಗಡಿಗಳು ತುಂಬಿರಬೇಕಿತ್ತಲ್ಲ? ಅಂಥಲ್ಲಿ ಅವು ಕಾಣಸಿಗುವುದು ಅಪರೂಪ. ಯಾಕೆಂದರೆ ಅಲ್ಲಿ ಮೀನಿದೆ. ನಿಧಾನ ಈಜುವ, ಮುಳ್ಳಿಲ್ಲದ, ವಿಷವಿಲ್ಲದ ಈ ಜೀವಿಗಳನ್ನು ಮೀನು ಒಂದನ್ನೂ ಬಿಡುವುದಿಲ್ಲ. ಹೊಂಡ ವರ್ಷಕ್ಕೊಮ್ಮೆ ಆರುತ್ತದೆ ಅನ್ನುವ ಕಾರಣಕ್ಕೇ ಅಲ್ಲಿ ಮೀನು ನೆಲೆ ನಿಲ್ಲುವುದಿಲ್ಲ. ಬೇಸಿಗೆಯೇ ಇವುಗಳ ಬೇಲಿ. ಈ ಬೇಲಿಯ ಒಳಗೆ ಇವು ಬಾಳಿದ್ದು ಅಷ್ಟಿಷ್ಟು ಕಾಲವಲ್ಲ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸುಮಾರು 40 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಇವುಗಳ ಕುಲದ ಲೆಪಿಡೋಕ್ಯಾರಿಸ್ ಸಿಕ್ಕಿದೆ. 1926ರಲ್ಲಿ ಅದಕ್ಕೆ ಹೆಸರಿಟ್ಟರು. ಅದು ಬಾಳಿದ್ದೂ ಪುಟ್ಟ ಹೊಂಡಗಳಲ್ಲೇ.

ಬೇಲಿ ಇದ್ದರೂ ಕಾಟ ಇಲ್ಲದಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಗೊದಮೊಟ್ಟೆಗಳು ಬರುವ ಮುಂಚೆ ಇವು ಬೆಳೆದುಬಿಡಬೇಕು. ಮಳೆಗಾಲದ ಕೊನೆಗೆ ಬೇಣದ ತುಂಬ ನೇರಳೆ-ನೀಲಿ ಹೂ ಹಾಸಿರುತ್ತದೆ, ಯುಟ್ರಿಕ್ಯುಲೇರಿಯಾ. ನೋಡಲು ಬಲು ಚೆಂದ. ಅದೇ ಗಿಡದ ಬುಡದಲ್ಲಿ, ಒದ್ದೆ ಮಣ್ಣಿನೊಳಗೆ, ಸಾಸಿವೆಗಿಂತ ಸಣ್ಣ ಚೀಲಗಳಿವೆ. ತೀರಾ ಪುಟ್ಟ ಜೀವಿ ಬಾಗಿಲು ಮುಟ್ಟಿದರೆ ರೆಪ್ಪೆ ಬಡಿಯುವುದಕ್ಕಿಂತ ಬೇಗ ಒಳಗೆ ಎಳೆದುಕೊಳ್ಳುತ್ತವೆ.

ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಅಂತ ಹುಡುಗಿ ಕೇಳಿದಳು. ನಮ್ಮಲ್ಲಂತೂ ಆರಿದ್ರಾ, ಪುನರ್ವಸು ಮಳೆಗೆ ಬೇಣವಿಡೀ ತೆಳುವಾಗಿ ಹರಿಯುತ್ತದೆ. ಈ ಹೊಂಡ ತುಳುಕಿ ಆ ಹೊಂಡಕ್ಕೆ. ಬೇಸಿಗೆಯಲ್ಲಿ ಗಾಳಿ ಧೂಳಿನ ಜೊತೆ ಒಯ್ಯುತ್ತದೆ. ಹಕ್ಕಿಯ ಕಾಲಿನ ಕೆಸರು, ಹಕ್ಕಿಯ ಹೊಟ್ಟೆ ಎರಡೂ ವಾಹನಗಳೇ. ದಕ್ಷಿಣ ಫ್ರಾನ್ಸಿನಲ್ಲಿ ಕಾಡುಹಂದಿಗಳ ಮೈಗೆ ಮೆತ್ತಿದ ಕೆಸರನ್ನು, ಆಫ್ರಿಕಾದಲ್ಲಿ ಆನೆಗಳು ಮರಕ್ಕೆ ಉಜ್ಜಿದ ಕೆಸರನ್ನು ತಂದು ನೋಡಿದವರಿಗೆ ಅದರಲ್ಲಿ ಇಂಥ ಮೊಟ್ಟೆಗಳು ಸಿಕ್ಕಿವೆ. ನಮ್ಮ ಬೇಣದಲ್ಲಿ ಆ ಕೆಲಸಕ್ಕೆ ಎಮ್ಮೆಗಳಿವೆ. ಮೊದಲು ಊರಿಗೆ ಊರೇ ಎಮ್ಮೆ ಮೇಯಿಸುತ್ತಿತ್ತು. ಈಗ ಬೇಣಕ್ಕೆ ಬರುವುದು ಎರಡು ಮನೆಯವು.

ಈ ಜನವರಿಯಲ್ಲಿ ಬೇಣದ ಪಶ್ಚಿಮದ ಅಂಚಿಗೆ ಜೇಸಿಬಿ ಬಂತು. ಪಕ್ಕದ ಜಾಗ ಕೊಂಡವರು ರಸ್ತೆ ಬಿಡಿಸಿಕೊಂಡರು, ಹಾಗೇ ಒಂದಷ್ಟು ಸಮತಟ್ಟು ಮಾಡಿಸಿದರು. ಏಳು ಹೊಂಡಗಳು ಮುಚ್ಚಿದವು. ನಾನು ಓಡಿ ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಲ್ಲಿದ್ದವರು ಕೆಟ್ಟವರೇನೂ ಅಲ್ಲ. “ಇಲ್ಲಿ ಎಂತ ಇತ್ತು ಹೆಗಡೇರೆ, ಬರೀ ಕಲ್ಲು” ಅಂದರು. ಜನವರಿಯಲ್ಲಿ ನೋಡಿದರೆ ಹೌದು, ಬರೀ ಕಲ್ಲೇ. ನೀರಿಲ್ಲ, ಹುಳವಿಲ್ಲ, ಹಕ್ಕಿಯಿಲ್ಲ. ಜೀವ ಇದೆ ಅಂತ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಒಂದು ಮುಷ್ಟಿ ಧೂಳು ಹಿಡಿದು ಇದರಲ್ಲಿ ಎಷ್ಟೋ ವರ್ಷದ ಬೀಜ ಇದೆ ಅಂದರೆ ಯಾರು ಕೇಳುತ್ತಾರೆ? ಒಂದು ಮಳೆಗಾಲ ಕೈಕೊಟ್ಟರೂ ತಡೆದುಕೊಳ್ಳುವ ಜೀವಿ ಇದು. ಎರಡು, ಮೂರು ಕೈಕೊಟ್ಟರೂ ತಡೆದೀತು. ಆ ಉಳಿತಾಯವನ್ನೇ ಕೆರೆದು ಹೊತ್ತುಕೊಂಡು ಹೋದರೆ ಏನು ಮಾಡಬೇಕು?

ಬೇಣದಲ್ಲಿ ಈಗ ಉಳಿದಿರುವ ಹೊಂಡ 31. ನಾನೂ ಹುಡುಗಿಯೂ ಸೇರಿ ಎಣಿಸಿದ್ದೇವೆ. ಅಡಿಕೆ ದೋಟಿಯನ್ನು ಅಳತೆಗೋಲು ಮಾಡಿಕೊಂಡು ಉದ್ದಗಲ ಬರೆದುಕೊಂಡಿದ್ದೇವೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಇಡಬೇಕು. ಮರ, ಔಷಧಿ ಗಿಡ, ಭತ್ತದ ತಳಿ, ಮೀನು ಎಲ್ಲ ಅದರಲ್ಲಿ ಬರುತ್ತವೆ. ಹೊಂಡಗಳೂ ಬರಲಿ ಅಂತ ಅರ್ಜಿ ಬರೆದೆ. 2022ರಲ್ಲಿ ನಮ್ಮದೇ ಜಿಲ್ಲೆಯ ಯಲ್ಲಾಪುರ ಭಾಗದಿಂದ ಘಾಟಿಯಾನಾ ದ್ವಿವರ್ಣ ಎಂಬ ಎರಡು ಬಣ್ಣದ ಹೊಸ ಏಡಿಯನ್ನು ಜಗತ್ತಿಗೆ ಪರಿಚಯಿಸಿದ್ದನ್ನೂ ಅದರಲ್ಲಿ ಸೇರಿಸಿದ್ದೇನೆ. ಅಷ್ಟು ದೊಡ್ಡ ಏಡಿಯೇ ಇಷ್ಟು ದಿನ ಲೆಕ್ಕಕ್ಕೆ ಸಿಗದೆ ಇದ್ದ ಮೇಲೆ ಎಳ್ಳಿನಷ್ಟರದ್ದು ಕೇಳಬೇಕೆ?

ಜೊತೆಗಿಡಲು ಒಂದು ಪಟ್ಟಿಯನ್ನೂ ಮಾಡಿದೆ. ಹೊಂಡದ ಸಂಖ್ಯೆ, ಅಳತೆ, ಕಂಡ ಜೀವಿ ಎಲ್ಲ ತುಂಬಿಸಿದ್ದೇನೆ. ‘ಸ್ಥಳೀಯ ಹೆಸರು’ ಎಂಬಲ್ಲಿ ಬಂದು ನಿಂತೆ. ಚಿಪ್ಪು ಸಿಗಡಿ ನಾನು ಇಟ್ಟ ಹೆಸರು, ಊರಿನದಲ್ಲ. ಬೇಣದಲ್ಲಿ ಅರವತ್ತು ವರ್ಷ ಎಮ್ಮೆ ಕಾಯ್ದ ಅಜ್ಜನೊಬ್ಬ ಕೆಳಗಿನ ಕೇರಿಯಲ್ಲಿದ್ದಾನೆ. ಕೇಳಿದೆ. “ಮಳಿಗಾಲದಾಗೆ ಹೊಂಡದಲ್ಲಿ ಎಂತದೋ ಮಿಂಚ್ತಿತ್ತು, ಹತ್ರ ಹೋಗಿ ನೋಡ್ಲಿಲ್ಲ” ಅಂದ. ಮೃಗಶಿರ ಹಿಡಿದು ಒಂದು ವಾರಕ್ಕೆ ಬೇಣಕ್ಕೆ ಬರಲು ಒಪ್ಪಿದ್ದಾನೆ. ದಿನ್ನೆ ಹತ್ತುವಾಗ ಕೈ ಹಿಡಿದುಕೊಳ್ಳಲು ಹುಡುಗಿ ಇದ್ದಾಳೆ. ಭೂತಗನ್ನಡಿ ನಾನು ತರುತ್ತೇನೆ. ಅಲ್ಲಿಯವರೆಗೆ ಆ ಕಾಲಂ ಖಾಲಿ ಇರಲಿ ಅಂತ ಬಿಟ್ಟಿದ್ದೇನೆ.